ಮಹಾಕವಿ ರತ್ನಾಕರವರ್ಣಿ: ಬಾಳು ಮತ್ತು ಛಂದಸ್ಸು

ಜೈನ ಕಾಶಿ ಎಂದು ನಾಡಿನಲ್ಲೆಲ್ಲ ಹೆಸರಾದ ಮೂಡುಬಿದಿರೆಗೆ ಹೋದವರು 18 ಬಸದಿಗಳ ದರ್ಶನ ಮಾಡುತ್ತಾರೆ. ಸಾವಿರ ಕಂಬದ ಬಸದಿಯಲ್ಲಿ ಚಂದ್ರನಾಥ ಸ್ವಾಮಿಗೆ ಕೈಮುಗಿಯುತ್ತಾರೆ. ಗುರುಬಸದಿಯಲ್ಲಿ ಸಿದ್ಧಾಂತ ದರ್ಶನ ಮಾಡಿ, ಧವಲಾದಿ ತಾಡಪತ್ರಗಳನ್ನು ನೂರಾರು ವರ್ಷ ಕಾಪಾಡಿದ ಊರು ಇದು ಎಂದು ಮಕ್ಕಳಿಗೆ ಹೇಳುತ್ತಾರೆ. ಇದೇ ಊರಿನಲ್ಲಿ 16ನೇ ಶತಮಾನದಲ್ಲಿ ಹುಟ್ಟಿ, ಕನ್ನಡದಲ್ಲಿ ಸುಮಾರು ಹತ್ತು ಸಾವಿರ ಪದ್ಯಗಳ ಭರತೇಶ ವೈಭವವನ್ನು ಬರೆದವನು ಮಹಾಕವಿ ರತ್ನಾಕರವರ್ಣಿ.

ಅವನ ಹೆಸರನ್ನು ಕೇಳದ ಜೈನ ಮನೆ ಕರ್ನಾಟಕದಲ್ಲಿ ಕಡಿಮೆ. ಅವನ ಕಥೆಯನ್ನೂ ಬಹಳ ಜನ ಬಲ್ಲರು. ಆದರೆ ಅವನು ಯಾವ ಕೃತಿಯನ್ನು ಯಾವ ಛಂದಸ್ಸಿನಲ್ಲಿ ಬರೆದನು, ಏಕೆ ಬರೆದನು ಎಂಬುದನ್ನು ವಿಚಾರಿಸುವವರು ಕಡಿಮೆ. ಛಂದಸ್ಸು ಎಂದರೆ ಶಾಲೆಯಲ್ಲಿ ಗುರು ಲಘು ಹಾಕಿ ಅಂಕ ಪಡೆಯುವ ವಿಷಯ ಎಂಬ ಭಾವನೆ ನಮ್ಮಲ್ಲಿ ಉಳಿದುಬಿಟ್ಟಿದೆ. ರತ್ನಾಕರನ ಬಾಳಿನಲ್ಲಿ ಅದು ಅಷ್ಟು ಸಣ್ಣ ವಿಷಯವಾಗಿರಲಿಲ್ಲ. ಯಾರಿಗಾಗಿ ಬರೆಯುತ್ತಿದ್ದೇನೆ, ಯಾವ ಮನಸ್ಸಿನಿಂದ ಬರೆಯುತ್ತಿದ್ದೇನೆ ಎಂಬುದನ್ನು ಅವನು ಮೊದಲು ತಿಳಿಸುವುದು ಛಂದಸ್ಸಿನ ಆಯ್ಕೆಯಿಂದಲೇ.

ಹುಟ್ಟು ಮತ್ತು ಗುರುಪರಂಪರೆ

ರತ್ನಾಕರನು ಕ್ಷತ್ರಿಯ ವಂಶದವನು. ತಂದೆಯ ಹೆಸರು ದೇವರಾಜ. ವರ್ಣಿ ಎಂದರೆ ಬ್ರಹ್ಮಚಾರಿ, ವ್ರತಿ ಎಂದು ಅರ್ಥ. ಅದು ಅವನ ಮನೆತನದ ಹೆಸರಲ್ಲ, ಅವನು ಹಿಡಿದ ದಾರಿಯ ಹೆಸರು. ಜನರು ಅವನನ್ನು ರತ್ನಾಕರಸಿದ್ಧ ಎಂದೂ ರತ್ನಾಕರ ಅಣ್ಣ ಎಂದೂ ಕರೆದರು. ಶೃಂಗಾರಕವಿ ಎಂಬ ಬಿರುದೂ ಅವನಿಗೆ ಇತ್ತು. ಒಬ್ಬನೇ ವ್ಯಕ್ತಿಗೆ ಶೃಂಗಾರಕವಿ ಎಂಬ ಬಿರುದು ಮತ್ತು ವರ್ಣಿ ಎಂಬ ಹೆಸರು ಎರಡೂ ಸೇರಿಕೊಂಡದ್ದನ್ನು ಗಮನಿಸಬೇಕು. ಅವನ ಕಾವ್ಯದ ನಾಯಕನೂ ಅಂಥವನೇ.

ಭರತೇಶ ವೈಭವದಲ್ಲಿ ಕವಿಯು ತನ್ನ ದೀಕ್ಷಾಗುರು ಚಾರುಕೀರ್ತಿ ಯೋಗಿಗಳು ಎಂದೂ, ಮೋಕ್ಷಗುರು ಹಂಸನಾಥ ಎಂದೂ ನೆನೆಯುತ್ತಾನೆ. ಚಾರುಕೀರ್ತಿ ಎಂಬುದು ಮೂಡುಬಿದಿರೆಯ ಭಟ್ಟಾರಕ ಪೀಠಕ್ಕೆ ಇಂದಿಗೂ ನಡೆದುಬಂದಿರುವ ಪವಿತ್ರ ಹೆಸರು. ಹಂಸ ಎಂದರೆ ಆತ್ಮ. ಹಂಸನಾಥ ಎಂಬ ಮಾತು ಒಳಗಿನ ಪರಮಾತ್ಮನನ್ನೇ ಸೂಚಿಸುತ್ತದೆ ಎಂದು ಹಲವರು ತಿಳಿಯುತ್ತಾರೆ. ಹೊರಗೊಬ್ಬ ಗುರು, ಒಳಗೊಬ್ಬ ಗುರು. ಅವನ ಎಲ್ಲ ಬರವಣಿಗೆಯೂ ಈ ಇಬ್ಬರ ನಡುವೆ ನಡೆಯಿತು.

ಆ ಕಾಲದಲ್ಲಿ ತುಳುನಾಡು ಜೈನ ಅರಸುಮನೆತನಗಳ ನಾಡು. ಕಾರ್ಕಳದಲ್ಲಿ ಭೈರರಸ ಒಡೆಯರು ಆಳುತ್ತಿದ್ದರು. ಅವರ ಮನೆತನದ ವೀರಪಾಂಡ್ಯನು 1432ರಲ್ಲಿ ಕಾರ್ಕಳದ ಬೆಟ್ಟದ ಮೇಲೆ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ನಿಲ್ಲಿಸಿದ್ದನು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ ಆರಂಭವಾದದ್ದು 1430ರಲ್ಲಿ. ಬಾಹುಬಲಿ ಕಣ್ಣೆದುರಿಗೇ ನಿಂತಿರುವ ಇಂಥ ನಾಡಿನಲ್ಲಿ ಹುಟ್ಟಿದ ಕವಿಯು ಅಣ್ಣನಾದ ಭರತನನ್ನು ತನ್ನ ನಾಯಕನನ್ನಾಗಿ ಆರಿಸಿಕೊಂಡನು. ಎಲ್ಲವನ್ನೂ ಬಿಟ್ಟು ಕಾಡಿಗೆ ಹೋದವನು ತಮ್ಮ. ಮನೆಯಲ್ಲೇ ಇದ್ದು, ರಾಜ್ಯವನ್ನೂ ಆಳಿ, ಮನಸ್ಸನ್ನು ಮಾತ್ರ ಅಂಟಿಸಿಕೊಳ್ಳದವನು ಅಣ್ಣ. ಸಂಸಾರದಲ್ಲಿರುವ ಶ್ರಾವಕ ಶ್ರಾವಿಕೆಯರಿಗೆ ಈ ಅಣ್ಣನ ಕಥೆ ಬೇಕು ಎಂದು ರತ್ನಾಕರನಿಗೆ ಕಂಡಿತು.

ಮುಂದಿದ್ದ ದಾರಿಗಳು

ಭರತ ಬಾಹುಬಲಿಯರ ಕಥೆಯನ್ನು ಸಂಸ್ಕೃತದಲ್ಲಿ ಜಿನಸೇನಾಚಾರ್ಯರು 9ನೇ ಶತಮಾನದಲ್ಲಿ ಮಹಾಪುರಾಣವಾಗಿ ಬರೆದಿದ್ದರು. ಕನ್ನಡದಲ್ಲಿ ಆದಿಕವಿ ಪಂಪನು 941ರಲ್ಲಿ ಆದಿಪುರಾಣವನ್ನು ಚಂಪೂ ರೂಪದಲ್ಲಿ ಬರೆದನು. ಚಂಪೂ ಎಂದರೆ ಗದ್ಯ ಪದ್ಯಗಳು ಬೆರೆತ ಕಾವ್ಯ. ಪದ್ಯಗಳಲ್ಲಿ ಕಂದ ಮತ್ತು ಅಕ್ಷರವೃತ್ತಗಳೇ ಹೆಚ್ಚು. ಅದನ್ನು ಓದಿ ಅರ್ಥ ಮಾಡಿಕೊಳ್ಳಲು ಒಳ್ಳೆಯ ಪಾಂಡಿತ್ಯ ಬೇಕು. ಅರಸರ ಓಲಗಕ್ಕೆ ಅದು ತಕ್ಕ ರೂಪ.

13ನೇ ಶತಮಾನದಲ್ಲಿ ರಾಘವಾಂಕನಿಂದ ಷಟ್ಪದಿಗೆ ಬಲ ಬಂತು. 15ನೇ ಶತಮಾನದಲ್ಲಿ ಕುಮಾರವ್ಯಾಸನು ಭಾಮಿನಿ ಷಟ್ಪದಿಯಲ್ಲಿ ಭಾರತವನ್ನು ಬರೆದ ಮೇಲೆ ಅದು ಊರೂರಿಗೆ ಹೋಯಿತು. ರತ್ನಾಕರನು ಬಯಸಿದ್ದರೆ ಅದನ್ನೂ ಹಿಡಿಯಬಹುದಿತ್ತು. ಅವನ ಕಾಲದ ಆಸುಪಾಸಿನಲ್ಲೇ ಜೈನ ಕವಿ ಸಾಳ್ವನು ನೇಮಿನಾಥರ ಕಥೆಯನ್ನು ಭಾಮಿನಿಯಲ್ಲಿ ಹೇಳಿದ್ದನು.

ರತ್ನಾಕರನು ಹಿಡಿದದ್ದು ಮೂರನೆಯ ದಾರಿ. ಅದು ಸಾಂಗತ್ಯ. ಸಂಗತ ಎಂದರೆ ಜೊತೆಗೂಡಿದ್ದು. ವಾದ್ಯದ ಜೊತೆಗೆ ಹಾಡುವ ಮಟ್ಟು ಆದ್ದರಿಂದ ಸಾಂಗತ್ಯ ಎಂಬ ಹೆಸರು ಬಂತು ಎಂದು ವಿದ್ವಾಂಸರು ವಿವರಿಸುತ್ತಾರೆ. ಇದನ್ನು ಕಾವ್ಯಕ್ಕೆ ತಂದವರಲ್ಲಿ ಮೊದಲಿಗನೆಂದು ಹೆಸರಾದ ಶಿಶುಮಾಯಣನೂ ಜೈನ ಕವಿಯೇ. ಅವನ ಅಂಜನಾಚರಿತೆ ಮತ್ತು ತ್ರಿಪುರದಹನ ಎರಡೂ ಸಾಂಗತ್ಯದಲ್ಲಿವೆ. ಮೂರನೆಯ ಮಂಗರಸನ ನೇಮಿಜಿನೇಶ ಸಂಗತಿಯೂ ಸಾಂಗತ್ಯವೇ. ಅಂದರೆ ಈ ಮಟ್ಟು ನಮ್ಮ ಕವಿಗಳ ಕೈಯಲ್ಲಿ ಮೊದಲಿನಿಂದ ಪಳಗಿತ್ತು. ರತ್ನಾಕರನು ಅದನ್ನು ಹತ್ತು ಸಾವಿರ ಪದ್ಯಗಳ ಮಹಾಕಾವ್ಯವನ್ನು ಹೊರುವಷ್ಟು ಗಟ್ಟಿ ಮಾಡಿದನು.

ಸಾಂಗತ್ಯದ ಅಳತೆ

ಸಾಂಗತ್ಯವನ್ನು ತಿಳಿಯಲು ದೊಡ್ಡ ಶಾಸ್ತ್ರ ಬೇಡ. ಹ್ರಸ್ವ ಅಕ್ಷರ ಲಘು. ದೀರ್ಘಾಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ, ಅನುಸ್ವಾರ ವಿಸರ್ಗಗಳಿರುವ ಅಕ್ಷರ ಇವು ಗುರು. ಇಷ್ಟು ನೆನಪಿದ್ದರೆ ಸಾಕು.

ಕನ್ನಡದ ಹಳೆಯ ಹಾಡುಗಳು ಅಂಶಗಣದಲ್ಲಿವೆ. ಸುಮಾರು 990ರಲ್ಲಿ ನಾಗವರ್ಮನು ಬರೆದ ಛಂದೋಂಬುಧಿಯಲ್ಲಿ ಇದರ ಲಕ್ಷಣ ಇದೆ. ಅಂಶಗಣಗಳು ಮೂರು ಬಗೆ. ಎರಡು ಅಂಶ ಇದ್ದರೆ ಬ್ರಹ್ಮಗಣ, ಮೂರಿದ್ದರೆ ವಿಷ್ಣುಗಣ, ನಾಲ್ಕಿದ್ದರೆ ರುದ್ರಗಣ. ಗಣದ ಮೊದಲಲ್ಲಿ ಒಂದು ಗುರು ಬಂದರೂ ಒಂದು ಅಂಶ, ಎರಡು ಲಘು ಬಂದರೂ ಒಂದೇ ಅಂಶ. ಆಮೇಲೆ ಬರುವ ಪ್ರತಿ ಅಕ್ಷರವೂ, ಗುರುವಾಗಲಿ ಲಘುವಾಗಲಿ, ಒಂದೊಂದು ಅಂಶ. ಹೀಗೆ ಬ್ರಹ್ಮಗಣಕ್ಕೆ 4 ರೂಪ, ವಿಷ್ಣುಗಣಕ್ಕೆ 8 ರೂಪ, ರುದ್ರಗಣಕ್ಕೆ 16 ರೂಪ ಆಗುತ್ತವೆ.

ಮಾತ್ರೆ ಎಂಬುದು ತಕ್ಕಡಿಯಲ್ಲಿ ತೂಗಿದ ಹಾಗೆ. ಗುಲಗಂಜಿಯಷ್ಟೂ ಹೆಚ್ಚು ಕಡಿಮೆ ಆಗುವಂತಿಲ್ಲ. ಅಂಶ ಎಂಬುದು ಸೇರಿನಲ್ಲಿ ಅಳೆದ ಹಾಗೆ. ತುಂಬಿ ತುಳುಕುವಂತೆ ಅಳೆದರೂ, ತಲೆ ಸವರಿ ಅಳೆದರೂ ಸೇರಿನ ಲೆಕ್ಕ ಒಂದೇ. ವಿಷ್ಣುಗಣಕ್ಕೆ ಮೂರೇ ಅಂಶ, ಆದರೆ ಮಾತ್ರೆಯಲ್ಲಿ ಅದು 4, 5 ಅಥವಾ 6 ಆಗಬಹುದು. ಕಡಿಮೆ ಇದ್ದದ್ದನ್ನು ಹಾಡುವ ದನಿ ಎಳೆದು ತುಂಬಿಸುತ್ತದೆ. ಆದ್ದರಿಂದ ಅಂಶಗಣದ ಪದ್ಯವು ಹಾಡಿದಾಗಲೇ ಪೂರ್ಣ. ಬರೀ ಕಣ್ಣಲ್ಲಿ ಓದಿದರೆ ಅರ್ಧ ಸಿಕ್ಕುತ್ತದೆ.

ಸಾಂಗತ್ಯದಲ್ಲಿ ನಾಲ್ಕು ಸಾಲು. ಒಂದು ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ನಾಲ್ಕು ವಿಷ್ಣುಗಣ. ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣ, ಕೊನೆಗೆ ಒಂದು ಬ್ರಹ್ಮಗಣ. ಒಟ್ಟು ಪದ್ಯಕ್ಕೆ 12 ವಿಷ್ಣುಗಣ, 2 ಬ್ರಹ್ಮಗಣ. ಉದ್ದ ಸಾಲು ಒಂದು ಮಾತನ್ನು ಎತ್ತುತ್ತದೆ, ಗಿಡ್ಡ ಸಾಲು ಅದನ್ನು ಇಳಿಸುತ್ತದೆ. ಕೊನೆಯ ಬ್ರಹ್ಮಗಣ ಚಿಕ್ಕದಾದ್ದರಿಂದ ಅಲ್ಲಿ ದನಿ ನಿಲ್ಲುತ್ತದೆ, ಹಾಡುವವರಿಗೆ ಉಸಿರು ಸಿಕ್ಕುತ್ತದೆ. ಜನಪದರ ತ್ರಿಪದಿಯೂ ಇದೇ ವಿಷ್ಣು ಬ್ರಹ್ಮ ಗಣಗಳಿಂದ ಆದದ್ದು. ಬೀಸುವಾಗ ಕುಟ್ಟುವಾಗ ಹೆಣ್ಣುಮಕ್ಕಳ ಬಾಯಲ್ಲಿದ್ದ ತ್ರಿಪದಿಗೆ ಸಾಂಗತ್ಯ ಹತ್ತಿರದ ನೆಂಟ.

ಭರತೇಶ ಎಂಬ ಹೆಸರನ್ನೇ ತೆಗೆದುಕೊಳ್ಳೋಣ. ಭ, ರ ಎರಡು ಲಘು ಸೇರಿ ಒಂದು ಅಂಶ. ತೇ ಒಂದು ಅಂಶ. ಶ ಒಂದು ಅಂಶ. ಒಟ್ಟು ಮೂರು. ನಾಯಕನ ಹೆಸರೇ ಒಂದು ವಿಷ್ಣುಗಣ. ಭರತ ಎಂದು ಮಾತ್ರ ಹೇಳಿದರೆ ಎರಡು ಅಂಶ, ಅದು ಬ್ರಹ್ಮಗಣ. ಭರತಚಕ್ರೇಶ ಎಂದರೆ ಒಂದು ವಿಷ್ಣುಗಣ ಮತ್ತು ಒಂದು ಬ್ರಹ್ಮಗಣ, ಗಿಡ್ಡ ಸಾಲಿನ ಕೊನೆಗೆ ಅಳೆದು ಹೊಲಿದ ಹಾಗೆ ಕೂರುತ್ತದೆ. ಜಿನನಾಥ, ಆದೀಶ ಇವೂ ವಿಷ್ಣುಗಣಗಳೇ. ಆದರೆ ಜಿನೇಂದ್ರ ಎಂಬ ಶಬ್ದದಲ್ಲಿ ಮೊದಲು ಲಘು, ಆಮೇಲೆ ಗುರು. ನಿಯಮದಂತೆ ಅಂಶಗಣ ಹಾಗೆ ಆರಂಭವಾಗುವುದಿಲ್ಲ. ಆದ್ದರಿಂದ ಆ ಶಬ್ದವನ್ನು ಕವಿಯು ಬೇರೆ ಶಬ್ದದ ಬೆನ್ನಿಗೆ ಸೇರಿಸಿ ತರಬೇಕು.

ಇನ್ನೊಂದು ಕಟ್ಟು ಪ್ರಾಸದ್ದು. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಅದೇ ವ್ಯಂಜನ ಬರಬೇಕು. ಒಂದು ಸಾಲು ಭರತ ಎಂದು ಆರಂಭವಾದರೆ ಉಳಿದವು ಧರಣಿ, ಕರುಣೆ, ಚರಣ ಎಂಬಂಥ ಶಬ್ದಗಳಿಂದ ಆರಂಭವಾಗಬೇಕು. ಧೀರ ಎಂದು ಬಂದರೆ ಮೊದಲ ಅಕ್ಷರ ಗುರುವಾಗುವುದರಿಂದ ಅಲ್ಲಿ ಒಪ್ಪುವುದಿಲ್ಲ. ಈ ಪ್ರಾಸವೇ ಬಾಯಿಪಾಠಕ್ಕೆ ದೊಡ್ಡ ಆಧಾರ. ಒಂದು ಸಾಲು ನೆನಪಾದರೆ ಮುಂದಿನ ಸಾಲಿನ ತುದಿ ಕೈಗೆ ಸಿಕ್ಕುತ್ತದೆ. ತಾಡಓಲೆ ಎಲ್ಲರ ಮನೆಯಲ್ಲೂ ಇಲ್ಲದ ಕಾಲದಲ್ಲಿ ಇದು ಸಣ್ಣ ಉಪಕಾರವಲ್ಲ.

ರತ್ನಾಕರನ ಕಾಲಕ್ಕೆ ಅಂಶಗಣವು ನಿಧಾನವಾಗಿ ಮಾತ್ರೆಯ ಕಡೆಗೆ ವಾಲಿತ್ತು. ಭರತೇಶ ವೈಭವದಲ್ಲಿ ಬಹುಪಾಲು ವಿಷ್ಣುಗಣಗಳು ಐದು ಮಾತ್ರೆಯ ನಡೆ ಹಿಡಿದಿವೆ. ನಡುನಡುವೆ ನಾಲ್ಕು ಮಾತ್ರೆಯ ಗಣಗಳು ಬಂದು ಹಾಡಿಗೆ ಎಡೆ ಮಾಡಿಕೊಡುತ್ತವೆ. ಪದ್ಯಕ್ಕೆ 14 ಗಣದಂತೆ ಹತ್ತು ಸಾವಿರ ಪದ್ಯಕ್ಕೆ ಲೆಕ್ಕ ಹಾಕಿದರೆ 1,40,000 ಗಣಗಳಾದವು. ಇಷ್ಟನ್ನು ಹೊಂದಿಸಿಯೂ ಮಾತು ಎಲ್ಲಿಯೂ ತಡವರಿಸದೆ ಮನೆಯಲ್ಲಿ ಆಡಿಕೊಳ್ಳುವ ಹಾಗೆ ಹರಿಯುತ್ತದೆ. ಅದೇ ಅವನ ಹೆಚ್ಚುಗಾರಿಕೆ.

ಭರತೇಶ ವೈಭವ

ಕಾವ್ಯದಲ್ಲಿ 80 ಸಂಧಿಗಳು. ಭೋಗವಿಜಯ, ದಿಗ್ವಿಜಯ, ಯೋಗವಿಜಯ, ಮೋಕ್ಷವಿಜಯ, ಅರ್ಕಕೀರ್ತಿವಿಜಯ ಎಂದು ಐದು ಭಾಗ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳಿರಬೇಕು ಎಂಬ ಹಳೆಯ ಕಟ್ಟಳೆಯ ಬಗ್ಗೆ ಕವಿಯು ಆರಂಭದಲ್ಲೇ ತನ್ನ ನಿಲುವನ್ನು ತಿಳಿಸಿಬಿಡುತ್ತಾನೆ. ಉಚಿತವಾದಷ್ಟನ್ನು ಮಾತ್ರ ಹೇಳುತ್ತೇನೆ, ನನಗೆ ಅಧ್ಯಾತ್ಮವೇ ಮುಖ್ಯ ಪ್ರಯೋಜನ ಎಂಬುದು ಅವನ ಮಾತಿನ ಸಾರ. ತನ್ನ ಕಾವ್ಯವನ್ನು ಕೇಳಿ ಕನ್ನಡಿಗರು, ತೆಲುಗರು, ತುಳುವರು ಎಲ್ಲರೂ ತಮ್ಮ ತಮ್ಮ ಮಾತಿನಲ್ಲಿ ಮೆಚ್ಚಬೇಕು ಎಂಬ ಆಸೆಯನ್ನೂ ಅವನು ಹೇಳಿಕೊಂಡಿದ್ದಾನೆ. ಅವನ ಕಣ್ಣಿನ ಮುಂದೆ ಇದ್ದವರು ಕೇಳುವ ಜನ.

ಭೋಗವಿಜಯದಲ್ಲಿ ಚಕ್ರವರ್ತಿಯ ದಿನಚರಿ ಬರುತ್ತದೆ. ಆಸ್ಥಾನದ ಸಂಧಿ ಇದೆ, ಮುನಿಭುಕ್ತಿಯ ಸಂಧಿ ಇದೆ, ರಾಜಭುಕ್ತಿಯ ಸಂಧಿ ಇದೆ. ಷಟ್ಖಂಡದ ಒಡೆಯನು ಮುನಿಗಳ ಆಹಾರಕ್ಕಾಗಿ ಬಾಗಿಲಲ್ಲಿ ಕಾದು ನಿಲ್ಲುತ್ತಾನೆ. ಮುನಿಗಳ ಆಹಾರವಾದ ಮೇಲೆ ತನ್ನ ಊಟ. ಇಂದಿಗೂ ಪಡಗಾಹನೆಗೆ ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುವ ಶ್ರಾವಕರಿಗೆ ಈ ಚಿತ್ರ ಬೇರೆಯವರದು ಎನಿಸುವುದಿಲ್ಲ. ರಾಣಿ ಕುಸುಮಾಜಿ ಮತ್ತು ಅವಳ ಗಿಳಿಯ ಪ್ರಸಂಗ, ಅಂತಃಪುರದ ಸರಸ ಸಲ್ಲಾಪ ಎಲ್ಲ ಇವೆ. ಇಷ್ಟೆಲ್ಲ ಭೋಗದ ನಡುವೆ ಭರತನು ಕಣ್ಣು ಮುಚ್ಚಿದರೆ ಆತ್ಮಧ್ಯಾನ. ನೀರಿನಲ್ಲಿದ್ದೂ ನೀರಂಟದ ತಾವರೆ ಎಲೆಯಂಥ ಬಾಳು.

ಈ ಎರಡು ಬಗೆಯ ವಿಷಯಕ್ಕೆ ಒಂದೇ ಛಂದಸ್ಸು ಹೇಗೆ ಒಪ್ಪಿತು ಎಂಬುದು ಗಮನಿಸಬೇಕಾದದ್ದು. ಅಡುಗೆಮನೆಯ ಮಾತು, ಸೇನೆಯ ಸಡಗರ, ಧ್ಯಾನದ ಮೌನ ಎಲ್ಲವೂ ಅದೇ 14 ಗಣಗಳಲ್ಲಿ ನಡೆಯುತ್ತವೆ. ಊಟದ ವರ್ಣನೆ ಹಾಡಿದ ಮಟ್ಟಿನಲ್ಲೇ ಭೇದವಿಜ್ಞಾನವನ್ನೂ ಹಾಡುತ್ತಾರೆ. ದೇಹ ಬೇರೆ, ಆತ್ಮ ಬೇರೆ ಎಂಬ ತತ್ವವನ್ನು ಕೇಳಲು ಮನೆ ಬಿಟ್ಟು ಬೇರೆ ಕಡೆ ಹೋಗಬೇಕಾಗಿಲ್ಲ ಎಂಬುದೇ ಭರತನ ಕಥೆಯ ತಿರುಳು. ಮನೆಯ ಹಾಡಿನ ಮಟ್ಟಿನಲ್ಲೇ ಅದನ್ನು ಹೇಳಿದ್ದರಿಂದ ತಿರುಳಿಗೂ ರೂಪಕ್ಕೂ ಹೊಂದಾಣಿಕೆಯಾಯಿತು.

ಕಥೆಯಲ್ಲಿ ರತ್ನಾಕರನು ಮಾಡಿದ ದೊಡ್ಡ ಬದಲಾವಣೆ ಅಣ್ಣ ತಮ್ಮಂದಿರ ಯುದ್ಧದ್ದು. ಆದಿಪುರಾಣದಲ್ಲಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರೂ ನಡೆಯುತ್ತವೆ. ಮೂರರಲ್ಲೂ ಸೋತ ಭರತನು ಚಕ್ರವನ್ನು ಪ್ರಯೋಗಿಸುತ್ತಾನೆ. ಬಾಹುಬಲಿಗೆ ವೈರಾಗ್ಯ ಬರುತ್ತದೆ. ಭರತೇಶ ವೈಭವದಲ್ಲಿ ಕೈ ಕೈ ಸೇರುವುದೇ ಇಲ್ಲ. ಅಣ್ಣನು ಮೃದುವಾದ ಮಾತಿನಿಂದ ತಮ್ಮನನ್ನು ಒಲಿಸಿಕೊಳ್ಳುತ್ತಾನೆ. ಸೋಲನ್ನು ತಾನೇ ಒಪ್ಪಿಕೊಳ್ಳಲು ಸಿದ್ಧನಾಗುತ್ತಾನೆ. ಆ ಮಾತಿಗೆ ಬಾಹುಬಲಿಯ ಮನಸ್ಸು ಕರಗುತ್ತದೆ, ನಾಚುತ್ತದೆ, ತಪಸ್ಸಿನ ಕಡೆಗೆ ತಿರುಗುತ್ತದೆ. ಕತ್ತಿ ಗದೆಗಳ ಅಬ್ಬರಕ್ಕೆ ವೃತ್ತಗಳು ಬೇಕಾಗಬಹುದು. ಅಣ್ಣನು ತಮ್ಮನಿಗೆ ಹೇಳುವ ಬುದ್ಧಿಮಾತಿಗೆ ಸಾಂಗತ್ಯವೇ ಸರಿಯಾದದ್ದು.

ಮುನಿಸು ಮತ್ತು ಅಗಲಿಕೆ

ಮುಂದಿನ ಭಾಗ ನೋವಿನದು. ಇದನ್ನು ಹೇಳುವವನು ಕನಕಗಿರಿಯ ದೇವಚಂದ್ರ. ಅವನ ರಾಜಾವಳಿ ಕಥೆ 19ನೇ ಶತಮಾನದ್ದು, ಕವಿಯ ಕಾಲದಿಂದ ಮುನ್ನೂರು ವರ್ಷಗಳ ಹತ್ತಿರ ಈಚಿನದು. ಬಾಯಿಂದ ಬಾಯಿಗೆ ಬಂದ ಸಂಗತಿಗಳು ಅದರಲ್ಲಿ ಸೇರಿವೆ. ಆದರೂ ನಮ್ಮ ಸಮಾಜ ತನ್ನ ಕವಿಯನ್ನು ಹೇಗೆ ನೆನಪಿಟ್ಟುಕೊಂಡಿತು ಎಂಬುದಕ್ಕೆ ಅದೇ ಸಾಕ್ಷಿ.

ಆ ಕಥೆಯಂತೆ ರತ್ನಾಕರನು ಹರೆಯದಲ್ಲಿ ಭೈರರಸನ ಆಸ್ಥಾನದಲ್ಲಿದ್ದನು. ಕಾವ್ಯದಲ್ಲೂ ಯೋಗದಲ್ಲೂ ಪಳಗಿದವನು. ಅರಸನ ಮಗಳು ಅವನಿಗೆ ಒಲಿದಳು. ವಿಷಯ ಅರಸನಿಗೆ ತಿಳಿದಾಗ ರತ್ನಾಕರನು ಅಲ್ಲಿಂದ ತಪ್ಪಿಸಿಕೊಂಡು ಗುರುಗಳ ಬಳಿಗೆ ಹೋಗಿ ಅಣುವ್ರತಗಳನ್ನು ಸ್ವೀಕರಿಸಿದನು. ಆಮೇಲೆ ಭರತೇಶ ವೈಭವವನ್ನು ಬರೆದನು. ಗ್ರಂಥವನ್ನು ಆನೆಯ ಮೇಲಿಟ್ಟು ಮೆರವಣಿಗೆ ಮಾಡಿಸಬೇಕೆಂದು ಅವನು ಬಯಸಿದನು. ಕಾವ್ಯದ ಎರಡು ಮೂರು ಪದ್ಯಗಳು ಶಾಸ್ತ್ರಕ್ಕೆ ಒಪ್ಪುವುದಿಲ್ಲವೆಂದು ಭಟ್ಟಾರಕ ವಿಜಯಕೀರ್ತಿಗಳು ಅನುಮತಿ ಕೊಡಲಿಲ್ಲ. ಮಾತಿಗೆ ಮಾತು ಬೆಳೆಯಿತು. ಕವಿಗೆ ಸಮಾಜದ ಮನೆಗಳಲ್ಲಿ ಆಹಾರ ಸಿಗದಂತಾಯಿತು. ಮನನೊಂದ ರತ್ನಾಕರನು ಜೈನಧರ್ಮವನ್ನೇ ಬಿಟ್ಟು ವೀರಶೈವನಾದನು ಎಂದು ದೇವಚಂದ್ರ ಹೇಳುತ್ತಾನೆ. ಸ್ವಲ್ಪ ಕಾಲದ ನಂತರ ಅವನು ಮರಳಿ ಬಂದನು ಎಂದೂ ಅವನೇ ಹೇಳುತ್ತಾನೆ.

ಈ ಕಥೆಯನ್ನು ಓದಿದಾಗ ಒಂದು ಮಾತು ಮನಸ್ಸಿಗೆ ನಾಟುತ್ತದೆ. ಅಣ್ಣ ತಮ್ಮಂದಿರ ಯುದ್ಧವನ್ನು ಒಳ್ಳೆಯ ಮಾತಿನಿಂದ ತಪ್ಪಿಸಿದ ಕವಿಗೆ, ತನ್ನದೇ ಜನರೊಂದಿಗೆ ಬಂದ ಜಗಳದಲ್ಲಿ ಆ ಒಳ್ಳೆಯ ಮಾತು ಸಿಗಲಿಲ್ಲ. ಸಮಾಜಕ್ಕೂ ಸಿಗಲಿಲ್ಲ. ಕಾರಣ ಎರಡು ಮೂರು ಪದ್ಯಗಳು, ಒಂದು ಮೆರವಣಿಗೆ. ಹತ್ತು ಸಾವಿರ ಪದ್ಯಗಳ ಕಾವ್ಯವನ್ನು ಬರೆದವನನ್ನು ಸಮಾಜ ಕಳೆದುಕೊಳ್ಳುವುದರಲ್ಲಿತ್ತು. ಇದು ಹೀಗೆಯೇ ನಡೆಯಿತೋ ಇಲ್ಲವೋ, ಹೇಳಿಕೊಂಡು ಬಂದ ಹಿರಿಯರು ಅದರಲ್ಲೊಂದು ಎಚ್ಚರಿಕೆಯನ್ನು ಇಟ್ಟಿದ್ದಾರೆ.

ಶತಕಗಳ ದನಿ

ರತ್ನಾಕರನು ಮೂರು ಶತಕಗಳನ್ನು ಬರೆದನು. ರತ್ನಾಕರಾಧೀಶ್ವರ ಶತಕ, ಅಪರಾಜಿತೇಶ್ವರ ಶತಕ, ತ್ರಿಲೋಕ ಶತಕ. ಶತಕ ಎಂದು ಹೆಸರಿದ್ದರೂ ಪ್ರತಿಯೊಂದರಲ್ಲೂ ನೂರಕ್ಕಿಂತ ಹೆಚ್ಚು ಪದ್ಯಗಳಿವೆ. ತ್ರಿಲೋಕ ಶತಕದಲ್ಲಿ ಕವಿಯೇ ಶಕವರ್ಷ 1479 ಎಂದು ಸೂಚಿಸಿದ್ದಾನೆ, ಅಂದರೆ ಕ್ರಿ.ಶ. 1557. ಅವನ ಕಾಲವನ್ನು ನಿಶ್ಚಯಿಸಲು ಇದೇ ಮುಖ್ಯ ಆಧಾರ.

ತ್ರಿಲೋಕ ಶತಕವು ಅಧೋಲೋಕ, ಮಧ್ಯಲೋಕ, ಊರ್ಧ್ವಲೋಕಗಳ ವಿವರ ಹೇಳುವ ಗ್ರಂಥ. ಅದಕ್ಕೆ ಅವನು ಆರಿಸಿದ್ದು ಕಂದ. ಕಂದದಲ್ಲಿ ನಾಲ್ಕು ಮಾತ್ರೆಯ ಗಣಗಳು. ಒಂದು ಮತ್ತು ಮೂರನೆಯ ಸಾಲಿಗೆ 12 ಮಾತ್ರೆ, ಎರಡು ಮತ್ತು ನಾಲ್ಕನೆಯ ಸಾಲಿಗೆ 20 ಮಾತ್ರೆ. ಸೇರಿನ ಅಳತೆ ಬಿಟ್ಟು ಇಲ್ಲಿ ತಕ್ಕಡಿ ಹಿಡಿದನು. ಲೋಕದ ವಿಸ್ತಾರ, ಸಂಖ್ಯೆ, ಕ್ರಮ ಹೇಳುವಾಗ ಚಿಕ್ಕದಾಗಿ, ಬಿಗಿಯಾಗಿ, ಲೆಕ್ಕ ತಪ್ಪದಂತೆ ಹೇಳುವ ಛಂದಸ್ಸು ಬೇಕು. ಶಾಸ್ತ್ರಗ್ರಂಥಗಳಿಗೆ ಕಂದ ಹಿಂದಿನಿಂದ ಬಂದ ರೂಪ.

ಉಳಿದೆರಡು ಶತಕಗಳು ವೃತ್ತಗಳಲ್ಲಿವೆ. ಇಲ್ಲಿ ಪ್ರತಿ ಸಾಲಿನಲ್ಲೂ ಅಕ್ಷರಗಳ ಸಂಖ್ಯೆ ನಿಶ್ಚಿತ, ಯಾವುದು ಗುರು ಯಾವುದು ಲಘು ಎಂಬುದೂ ನಿಶ್ಚಿತ. ಶಾರ್ದೂಲವಿಕ್ರೀಡಿತಕ್ಕೆ ಸಾಲಿಗೆ 19 ಅಕ್ಷರ, ಮತ್ತೇಭವಿಕ್ರೀಡಿತಕ್ಕೆ 20 ಅಕ್ಷರ. ಈ ಎರಡು ವೃತ್ತಗಳ ಆರಂಭ ಮಾತ್ರ ಬೇರೆ, ಉಳಿದ ನಡೆಯೆಲ್ಲ ಒಂದೇ. ಕೊನೆಯ ಏಳು ಅಕ್ಷರಗಳ ನಡೆ ಹೀಗಿದೆ. ಗುರು, ಗುರು, ಲಘು, ಗುರು, ಗುರು, ಲಘು, ಗುರು. ಈಗ ರತ್ನಾಕರಾಧೀಶ್ವರಾ ಎಂಬ ಅಂಕಿತವನ್ನು ಬಿಡಿಸಿ ನೋಡಬೇಕು. ರತ್ ಗುರು, ನಾ ಗುರು, ಕ ಲಘು, ರಾ ಗುರು, ಧೀ ಗುರು, ಶ್ವ ಲಘು, ರಾ ಗುರು. ಏಳಕ್ಕೆ ಏಳೂ ಸರಿಹೊಂದುತ್ತವೆ. ಪದ್ಯ ಶಾರ್ದೂಲವಾಗಲಿ ಮತ್ತೇಭವಾಗಲಿ, ಕೊನೆಗೆ ಬಂದು ನಿಲ್ಲುವುದು ಆ ಸ್ವಾಮಿಯ ಹೆಸರಿನ ಮೇಲೆ.

ಅಪರಾಜಿತೇಶ್ವರಾ ಎಂಬ ಅಂಕಿತಕ್ಕೂ ಏಳೇ ಅಕ್ಷರ. ಆದರೆ ನಡೆ ಬೇರೆ. ಲಘು, ಲಘು, ಗುರು, ಲಘು, ಗುರು, ಲಘು, ಗುರು. ಇದು ಶಾರ್ದೂಲ ಮತ್ತೇಭಗಳ ಕೊನೆಗೆ ಕೂರುವುದಿಲ್ಲ. 20 ಅಕ್ಷರದ ಉತ್ಪಲಮಾಲೆ, 21 ಅಕ್ಷರದ ಚಂಪಕಮಾಲೆ ಇವುಗಳ ಕೊನೆಯ ಏಳು ಅಕ್ಷರಗಳಿಗೆ ಸರಿಯಾಗಿ ಹೊಂದುತ್ತದೆ. ಸ್ವಾಮಿಯ ಹೆಸರು ಬದಲಾದರೆ ವೃತ್ತವೂ ಬದಲಾಗಬೇಕು. ಅಂಕಿತ ಮೊದಲು, ಪದ್ಯ ಆಮೇಲೆ. ಹೇಳುವುದೆಲ್ಲ ಆ ಹೆಸರಿಗೆ ಬಂದು ಸೇರುವಂತೆ ಕವಿಯು ಮುಂಚಿತವಾಗಿಯೇ ದಾರಿ ಹಾಕಿಟ್ಟುಕೊಂಡಿದ್ದಾನೆ.

ಶತಕಗಳಲ್ಲಿ ಕಥೆಯಿಲ್ಲ, ರಾಣಿಯರಿಲ್ಲ, ದಿಗ್ವಿಜಯವಿಲ್ಲ. ಒಬ್ಬ ಜೀವನು ತನ್ನ ಸ್ವಾಮಿಯ ಮುಂದೆ ನಿಂತು ದೇಹದ ಮೋಹವನ್ನೂ ಲೋಕದ ಚಂಚಲತೆಯನ್ನೂ ಹೇಳಿಕೊಳ್ಳುತ್ತಾನೆ. ಮನಸ್ಸನ್ನು ಎಚ್ಚರಿಸುತ್ತಾನೆ, ಬಯ್ಯುತ್ತಾನೆ, ಬೇಡುತ್ತಾನೆ. ವೃತ್ತದ ಬಿಗಿ ಅದಕ್ಕೆ ಬೇಕಿತ್ತು. ಸಾಂಗತ್ಯದಲ್ಲಿ ಹರಿದಾಡಿದ ದನಿ ಇಲ್ಲಿ ಕೈಕಟ್ಟಿ ನಿಂತಿದೆ. ಮುನಿಸಿಕೊಂಡು ಹೋದವನು ಮರಳಿ ಬಂದ ಮೇಲೆ ಇವುಗಳನ್ನು ಬರೆದನು ಎಂಬ ಪ್ರತೀತಿ ಇರುವುದಕ್ಕೆ ಈ ದನಿಯೇ ಕಾರಣ. ಪ್ರತಿ ಪದ್ಯವೂ ಎಲ್ಲೆಲ್ಲೋ ಸುತ್ತಿ ಕೊನೆಗೆ ಅದೇ ಏಳು ಅಕ್ಷರಗಳಿಗೆ ಮರಳಿ ಬರುವುದನ್ನು ಕೇಳಿದವರಿಗೆ ಆ ಪ್ರತೀತಿ ಹುಟ್ಟಿದ್ದು ಸಹಜ.

ಅಣ್ಣನ ಪದಗಳು

ಇವಲ್ಲದೆ ಅಧ್ಯಾತ್ಮದ ಹಾಡುಗಳನ್ನೂ ರತ್ನಾಕರನು ಕಟ್ಟಿದನು. ಅವು ಅಣ್ಣನ ಪದ ಅಥವಾ ಅಣ್ಣಗಳ ಪದ ಎಂದು ಹೆಸರಾದವು. ಮಹಾಕವಿ ಎಂದು ದೂರ ಇಡದೆ, ಮನೆಯ ಹಿರಿಯನನ್ನು ಕರೆಯುವ ಹಾಗೆ ಅಣ್ಣ ಎಂದು ಕರೆದ ಜನರ ಪ್ರೀತಿ ಆ ಹೆಸರಿನಲ್ಲಿದೆ. ಅವನ ನಾಯಕ ಭರತನೂ ಬಾಹುಬಲಿಗೆ ಅಣ್ಣನೇ ಅಲ್ಲವೇ.

ಹೀಗೆ ಒಬ್ಬನೇ ಕವಿಯು ಮನೆಮಂದಿಗೆ ಸಾಂಗತ್ಯ, ಶಾಸ್ತ್ರಕ್ಕೆ ಕಂದ, ಪ್ರಾರ್ಥನೆಗೆ ವೃತ್ತ, ಭಜನೆಗೆ ಪದ ಎಂದು ನಾಲ್ಕು ರೂಪಗಳನ್ನು ಹಿಡಿದನು. ವೃತ್ತಗಳನ್ನು ಬರೆಯಬಲ್ಲ ಪಾಂಡಿತ್ಯ ಅವನಿಗಿತ್ತು ಎಂಬುದಕ್ಕೆ ಶತಕಗಳೇ ಪ್ರಮಾಣ. ಆದ್ದರಿಂದ ಭರತೇಶ ವೈಭವಕ್ಕೆ ಸಾಂಗತ್ಯವನ್ನು ಹಿಡಿದದ್ದು ಬೇರೆ ಬಾರದೆ ಅಲ್ಲ. ತಾಯಂದಿರಿಗೆ, ಅಕ್ಷರ ಬಾರದವರಿಗೆ, ದಿನದ ಕೆಲಸ ಮುಗಿಸಿ ಕೂತವರಿಗೆ ಆತ್ಮವಿಚಾರ ತಲುಪಬೇಕೆಂದು ತಿಳಿದೇ ಹಿಡಿದನು.

ಅವನ ನಂತರ

ರತ್ನಾಕರನ ನಂತರ ಸಾಂಗತ್ಯಕ್ಕೆ ಹೊಸ ಗೌರವ ಬಂತು. ಕಾರ್ಕಳದ ಗೊಮ್ಮಟೇಶ್ವರ ಚರಿತೆಯನ್ನು 1646ರಲ್ಲಿ ಚಂದ್ರಮ ಕವಿಯು ಇದೇ ಮಟ್ಟಿನಲ್ಲಿ ಬರೆದನು. 17ನೇ ಶತಮಾನದ ಕೊನೆಗೆ ಮೈಸೂರಿನ ಅರಮನೆಯಲ್ಲಿ ಸಂಚಿಯ ಹೊನ್ನಮ್ಮ ಹದಿಬದೆಯ ಧರ್ಮವನ್ನು ಬರೆಯುವಾಗಲೂ ಸಾಂಗತ್ಯವನ್ನೇ ಹಿಡಿದಳು. ಭರತೇಶ ವೈಭವವನ್ನು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಹಿಂದಿಗೆ ತಂದ ಮೇಲೆ ಉತ್ತರದ ಜೈನ ಸಮಾಜಕ್ಕೂ ರತ್ನಾಕರನ ಪರಿಚಯವಾಯಿತು. ಅನುವಾದದಲ್ಲಿ ಕಥೆ ದಾಟಿತು, ತತ್ವವೂ ದಾಟಿತು. ದಾಟದೆ ಉಳಿದದ್ದು ಸಾಂಗತ್ಯದ ದನಿ. ಅದನ್ನು ಉಳಿಸಿಕೊಳ್ಳುವ ಹೊಣೆ ಕನ್ನಡ ಬಲ್ಲವರದೇ.

ಕರಾವಳಿ, ಮಲೆನಾಡಿನ ಜೈನ ಮನೆಗಳಲ್ಲಿ ಒಬ್ಬರು ರಾಗವಾಗಿ ಓದಿ ಇನ್ನೊಬ್ಬರು ಅರ್ಥ ಹೇಳುವ ರೂಢಿ ಇತ್ತು. ಈಗ ಪುಸ್ತಕ ಕಪಾಟಿನಲ್ಲಿದೆ, ಓದುವ ರಾಗ ಹಿರಿಯರ ಕಂಠದಲ್ಲಿ ಮಾತ್ರ ಇದೆ. ಪುಸ್ತಕವನ್ನು ಮತ್ತೆ ಅಚ್ಚು ಮಾಡಿಸಬಹುದು. ಕಂಠದಲ್ಲಿರುವುದು ಹೋದರೆ ಅಚ್ಚು ಮಾಡಿಸಲು ಬರುವುದಿಲ್ಲ. ಅಂಶಗಣವು ಎಳೆದು ಹಾಡಿದಾಗಲೇ ಪೂರ್ಣವಾಗುವ ಅಳತೆ ಆದ್ದರಿಂದ, ರಾಗ ಮರೆತರೆ ಛಂದಸ್ಸಿನ ಅರ್ಧ ಭಾಗವೇ ಮರೆತಂತೆ.

ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೆ ಹತ್ತು ಪದ್ಯದಂತೆ ಹಾಡಿದರೂ ನೂರು ಪದ್ಯಗಳಾಗುತ್ತವೆ. ಹಿರಿಯರು ಹಾಡಲಿ, ಮಕ್ಕಳು ಕೈಬೆರಳಲ್ಲಿ ಗಣ ಎಣಿಸಲಿ. ನಾಲ್ಕು, ಎರಡು, ಒಂದು. ಮತ್ತೆ ನಾಲ್ಕು, ಎರಡು, ಒಂದು. ಕೊನೆಯ ಆ ಒಂದರ ಮೇಲೆ ದನಿ ನಿಲ್ಲುವಾಗ, ಮೂಡುಬಿದಿರೆಯ ರತ್ನಾಕರ ಅಣ್ಣನು ಐದು ಶತಮಾನಗಳ ಹಿಂದೆ ತನ್ನ ಕೇಳುಗರಿಗಾಗಿ ಬಿಟ್ಟ ಉಸಿರಿನ ಜಾಗ ಅದು ಎಂದು ತಿಳಿಯಲಿ.

ಜೈ ಜಿನೇಂದ್ರ.